ಪೀಟರ್ ಟಾಷ್ ಹೆಸರು ಯಾವಾಗಲೂ ಮಾರ್ಲಿ ಹೆಸರಿನ ಹಿಂದೆಯೇ ಯಾಕೆ?

ತುಂಗೆ ದಂಡೆ:

ಜಮೈಕಾದ ರೆಗೇ ಸಂಗೀತ ಅಂದ ತಕ್ಷಣ ನಮ್ಮಲ್ಲಿ ಎಲ್ಲರ ಬಾಯಿಗೂ ಬರುವುದು ಬಾಬ್ ಮಾರ್ಲಿ ಹೆಸರು. ಟೀ ಶರ್ಟ್, ಬೈಕ್ ಸ್ಟಿಕ್ಕರ್, ಗೋಕರ್ಣದ ಅಂಗಡಿಗಳಲ್ಲಿ ತೂಗುಹಾಕಿದ ಬ್ಯಾಗು, ಎಲ್ಲ ಕಡೆ ಅವನದೇ ಮುಖ. ಮಾರ್ಲಿ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಜೊತೆ 1963ರಿಂದ 1974ರವರೆಗೆ ಹಾಡಿದ, ಗಿಟಾರ್ ನುಡಿಸಿದ, ಹಾಡು ಕಟ್ಟಿದ ಪೀಟರ್ ಟಾಷ್ ಬಗ್ಗೆ ಕನ್ನಡದಲ್ಲಿ ಏನಾದರೂ ಓದೋಣ ಅಂದರೆ ಕೈಗೆ ಸಿಗುವುದೇ ಇಲ್ಲ. ಎಲ್ಲಾದರೂ ಹೆಸರು ಬಂದರೆ 'ಮಾರ್ಲಿಯ ಗೆಳೆಯ' ಅಥವಾ 'ಗಾಂಜಾ ಹಾಡಿನವನು' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟಾಷ್‌ನ 1977ರ 'ಈಕ್ವಲ್ ರೈಟ್ಸ್' ಆಲ್ಬಮ್ ಮಾರ್ಲಿಯ ಯಾವ ಆಲ್ಬಮ್‌ಗೂ ಕಡಿಮೆ ಇಲ್ಲ. ಒಪ್ಪದವರು ಕಾರಣ ಕೊಡಿ. ಜೊತೆಗೆ ಎರಡು ವಿಷಯ ತಿಳಿದವರು ಹೇಳಿ: ಮಾರ್ಲಿ ಜೊತೆ ಹಾಡುತ್ತಿದ್ದ 'ವೇಲರ್ಸ್' ತಂಡವನ್ನು ಅವನು ಬಿಟ್ಟಿದ್ದು ನಿಜವಾಗಿ ಯಾಕೆ? ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಡಬ್ ಪ್ಲೇಟ್:

ಒಳ್ಳೆ ವಿಷಯ ಎತ್ತಿದಿರಿ. ಮೊದಲು ಆಸಾಮಿ ಯಾರು ಅಂತ ಹೇಳೋಣ, ಆಮೇಲೆ ಜಗಳ.

ಹುಟ್ಟು ಹೆಸರು ವಿನ್‌ಸ್ಟನ್ ಹ್ಯೂಬರ್ಟ್ ಮೆಕಿಂಟಾಷ್. 1944ರ ಅಕ್ಟೋಬರ್ 19, ಜಮೈಕಾದ ಪಶ್ಚಿಮ ತುದಿಯ ವೆಸ್ಟ್‌ಮೋರ್ಲ್ಯಾಂಡ್, ಗ್ರೇಂಜ್ ಹಿಲ್ ಊರು. ಪೂರ್ತಿ ಕಬ್ಬಿನ ಸೀಮೆ. ಹತ್ತಿರದ ಫ್ರೋಮ್ ಸಕ್ಕರೆ ಎಸ್ಟೇಟಿನಲ್ಲಿ 1938ರಲ್ಲಿ ಕೂಲಿಗಾರರು ಎದ್ದು ನಿಂತಾಗ ಪೊಲೀಸರು ಗುಂಡು ಹಾರಿಸಿದ್ದರು. ಆ ನೆನಪು ಇನ್ನೂ ಹಸಿಯಾಗಿದ್ದ ಕಡೆ ಬೆಳೆದ ಹುಡುಗ. ಸಾಕಿದ್ದು ಅತ್ತೆ, ಹಾಡು ಕಲಿತದ್ದು ಚರ್ಚಿನಲ್ಲಿ. ಗಿಟಾರ್ ಬಗ್ಗೆ ಅವನೇ ಹೇಳುತ್ತಿದ್ದ ಕತೆ ಒಂದಿದೆ. ಹಳ್ಳಿಯಲ್ಲಿ ಒಬ್ಬ ಗಿಟಾರ್ ನುಡಿಸುತ್ತಿದ್ದನಂತೆ. ಇವನು ಅರ್ಧ ದಿನ ಎದುರಿಗೆ ಕೂತು ಬೆರಳು ಎಲ್ಲೆಲ್ಲಿ ಹೋಗುತ್ತೆ ಅಂತ ನೋಡಿದ. ಆಮೇಲೆ ಗಿಟಾರ್ ಇಸಿದುಕೊಂಡು ಅದನ್ನೇ ನುಡಿಸಿ ತೋರಿಸಿದ.

ಹದಿಹರೆಯದಲ್ಲಿ ಕಿಂಗ್‌ಸ್ಟನ್‌ಗೆ ಬಂದು ಟ್ರೆಂಚ್ ಟೌನ್ ಅನ್ನುವ ಬಡವರ ಕೇರಿ ಸೇರಿದ. ಅಲ್ಲಿ ಜೋ ಹಿಗ್ಸ್ ಅನ್ನುವ ಗಾಯಕ ತನ್ನ ಅಂಗಳದಲ್ಲಿ ಹುಡುಗರಿಗೆ ಸ್ವರ ಕೂಡಿಸಿ ಹಾಡುವುದನ್ನು ಪುಕ್ಕಟೆಯಾಗಿ ಕಲಿಸುತ್ತಿದ್ದ. ಮುಂದೆ ವೇಲರ್ಸ್ ಆದ ಮಾರ್ಲಿ, ಬನ್ನಿ ವೇಲರ್, ಟಾಷ್ ಮೂವರೂ ಆ ಅಂಗಳದ ಶಿಷ್ಯರು. ಮೂವರಲ್ಲಿ ಆಗ ವಾದ್ಯ ಸರಿಯಾಗಿ ಬರುತ್ತಿದ್ದದ್ದು ಟಾಷ್‌ಗೆ. ಮಾರ್ಲಿ ಗಿಟಾರ್‌ನಲ್ಲಿ ಪಳಗಿದ್ದು ಇವನ ಜೊತೆ ಕೂತು ಕೂತು ಅಂತಲೇ ಎಲ್ಲರೂ ಹೇಳುವುದು.

ಕರಾವಳಿ ಕಾಗೆ:

ಆರಡಿ ಮೀರಿದ ಎತ್ತರ, ಕಪ್ಪು ಕನ್ನಡಕ, ಒಂಟಿ ಚಕ್ರದ ಸೈಕಲ್ ಬೇರೆ ಓಡಿಸುತ್ತಿದ್ದ. ವೇದಿಕೆಗೂ ಅದರ ಮೇಲೆ ಕೂತು ಬಂದದ್ದುಂಟು ಮಾರಾಯ್ರೆ.

ನಾಲ್ಕನೇ ಬೀದಿ:

ನಾನು ಒಪ್ಪಲ್ಲ. ಟಾಷ್ ಒಳ್ಳೆ ಕಲಾವಿದ, ಸರಿ. ಆದರೆ ಹಾಡು ಕಟ್ಟುವುದರಲ್ಲಿ ಮಾರ್ಲಿ ಬೇರೆ ಮಟ್ಟ. ಮಾರ್ಲಿ ಪ್ರೀತಿ ಬಗ್ಗೆ ಬರೆದ, ದೇವರ ಬಗ್ಗೆ ಬರೆದ, ಹಸಿವಿನ ಬಗ್ಗೆ ಬರೆದ. ಟಾಷ್ ಯಾವಾಗ ಕೇಳಿದರೂ ಸಿಟ್ಟಿನಲ್ಲೇ ಇರುತ್ತಾನೆ. ಮೊದಲ ಅಂತಾರಾಷ್ಟ್ರೀಯ ಆಲ್ಬಮ್ 'ಕ್ಯಾಚ್ ಎ ಫೈರ್' ತಗೊಳ್ಳಿ, 1973. ಒಂಬತ್ತು ಹಾಡಲ್ಲಿ ಏಳು ಮಾರ್ಲಿಯದು, ಎರಡು ಮಾತ್ರ ಟಾಷ್‌ದು. ಲೆಕ್ಕವೇ ಹೇಳುತ್ತೆ ಅಲ್ವಾ?

ತುಂಗೆ ದಂಡೆ:

ಅದೇ ಲೆಕ್ಕ ಅವನು ಬಿಟ್ಟು ಹೋದ ಕಾರಣವನ್ನೂ ಹೇಳುತ್ತೆ. ಅದೇ ವರ್ಷದ 'ಬರ್ನಿನ್' ನೋಡಿ. ಹತ್ತು ಹಾಡು. ಟಾಷ್ ಒಬ್ಬನೇ ಬರೆದದ್ದು ಒಂದು. ಜೊತೆಗೆ 'ಗೆಟ್ ಅಪ್ ಸ್ಟ್ಯಾಂಡ್ ಅಪ್'ನಲ್ಲಿ ಅರ್ಧ ಪಾಲು.

ನಾಲ್ಕನೇ ಬೀದಿ:

'ಗೆಟ್ ಅಪ್ ಸ್ಟ್ಯಾಂಡ್ ಅಪ್' ಮಾರ್ಲಿ ಹಾಡು.

ಡಬ್ ಪ್ಲೇಟ್:

ಇಬ್ಬರೂ ಸೇರಿ ಬರೆದದ್ದು, ಆಲ್ಬಮ್ ಮೇಲೇ ಇಬ್ಬರ ಹೆಸರಿದೆ. ಕೊನೆಯ ಚರಣವನ್ನು ಹಾಡುವುದೂ ಟಾಷ್. ಸತ್ತ ಮೇಲೆ ಸ್ವರ್ಗ ಸಿಗುತ್ತೆ ಅಂತ ಪಾದ್ರಿಗಳು ಹೇಳುವ ಮಾತು ಸಾಕು ಅನ್ನುವ ಭಾಗ. ಗಂಟಲು ಬದಲಾಗುವುದು ಸ್ಪಷ್ಟವಾಗಿ ಕೇಳುತ್ತದೆ. ಮಾರ್ಲಿಯ ಕಂಠ ಮೇಲಕ್ಕೆ ಹಾರುತ್ತದೆ, ಟಾಷ್‌ದು ನೆಲಕ್ಕೆ ಗೂಟ ಹೊಡೆದ ಹಾಗೆ. ಮುಂದೆ 'ಈಕ್ವಲ್ ರೈಟ್ಸ್'ನ ಮೊದಲ ಹಾಡಾಗಿ ಅವನು ಇದನ್ನೇ ಮತ್ತೆ ಹಾಡಿದ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.

ಮೃದಂಗ ಹುಡುಗ:

ನಾನು ಲಯದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ರೆಗೇ ಮೊದಲ ಸಲ ಕೇಳಿದಾಗ ನಮ್ಮಂಥವರಿಗೆ ತಾಳ ಹಾಕಲು ಕಷ್ಟ ಆಗುವುದು ಯಾಕೆ ಅಂದರೆ, ಸಮದಲ್ಲಿ ಏಟೇ ಇಲ್ಲ. ನಾಲ್ಕು ಎಣಿಕೆ ಇಟ್ಟುಕೊಳ್ಳಿ. ಒಂದಕ್ಕೆ ಡ್ರಮ್ ಸುಮ್ಮನಿರುತ್ತದೆ. ಎರಡು ಮತ್ತು ನಾಲ್ಕಕ್ಕೆ ಗಿಟಾರ್ ಗಿಡ್ಡವಾಗಿ 'ಚಕ್' ಅನ್ನುತ್ತದೆ. ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್), ಸ್ನೇರ್ (ಕಡ್ಡಿಯಲ್ಲಿ ಹೊಡೆಯುವ ಸಣ್ಣ ಡ್ರಮ್) ಎರಡೂ ಒಟ್ಟಿಗೆ ಮೂರಕ್ಕೆ ಬೀಳುತ್ತವೆ. ಇದಕ್ಕೆ ಒನ್ ಡ್ರಾಪ್ ಅನ್ನುತ್ತಾರೆ. ಇದನ್ನು ಲೋಕಕ್ಕೆಲ್ಲ ಕೇಳಿಸಿದ್ದು ವೇಲರ್ಸ್ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್.

ಟಾಷ್ ಸ್ವಂತ ತಂಡ ಕಟ್ಟಿದಾಗ ಜೊತೆಗೆ ಬಂದವರು ಡ್ರಮ್ಮರ್ ಸ್ಲೈ ಡನ್ಬಾರ್ ಮತ್ತು ಬೇಸ್ ಗಿಟಾರಿನ ರಾಬಿ ಶೇಕ್ಸ್‌ಪಿಯರ್. ಸ್ಲೈ ಆ ಹೊತ್ತಿಗೆ ಬೇರೆ ನಡೆ ಬೆಳೆಸಿದ್ದ. ಕಿಕ್ ಡ್ರಮ್ ಖಾಲಿ ಬಿಡದೆ ಎಲ್ಲ ಎಣಿಕೆಗೂ ಬೀಳುತ್ತದೆ, ಹೈ ಹ್ಯಾಟ್ ಅನ್ನುವ ಜೋಡಿ ತಾಳದ ಮೇಲೆ ಸಣ್ಣ ಸಣ್ಣ ಒಡಕು. ಮಾರ್ಲಿ ಹಾಡು ತೂಗಿಸುತ್ತದೆ, ಟಾಷ್ ಹಾಡು ನಡೆಸುತ್ತದೆ ಅಂತ ನನಗೆ ಅನಿಸುವುದು ಈ ಕಾರಣಕ್ಕೆ. ಸಿಟ್ಟು ಬರೀ ಸಾಹಿತ್ಯದಲ್ಲಿ ಇಲ್ಲ, ಲಯದಲ್ಲೇ ಇದೆ. ಹಾಗಾಗಿ 'ಯಾವಾಗಲೂ ಸಿಟ್ಟು' ಅನ್ನುವುದನ್ನು ನಾನು ದೂರು ಅಂತ ತಗೊಳ್ಳಲ್ಲ.

ಹೊಸಪೇಟೆ ಲೋಕಲ್:

ಹಂಪಿಯಲ್ಲಿ ಹೊಳೆ ಆಚೆ ವಿರೂಪಾಪುರ ಗಡ್ಡೆ ಇತ್ತಲ್ಲ, 2020ರಲ್ಲಿ ಕೋರ್ಟ್ ಆದೇಶದ ಮೇಲೆ ಕೆಡವಿದರು. ಅದಕ್ಕೂ ಮುಂಚೆ ಅಲ್ಲಿನ ಹೋಟೆಲುಗಳಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ರೆಗೇ. ನಾನು ಕಾಲೇಜು ರಜೆಯಲ್ಲಿ ಒಂದು ಕಡೆ ಕೆಲಸಕ್ಕಿದ್ದೆ. ಹಾಕುತ್ತಿದ್ದದ್ದು ಮಾರ್ಲಿಯ ಅದೇ ಹಿಟ್ ಹಾಡುಗಳ ಪೆನ್ ಡ್ರೈವ್. ಒಂದು ಸಲ ಗಿರಾಕಿಯೊಬ್ಬರು ತಮ್ಮ ಫೋನಿನಿಂದ ಟಾಷ್ ಹಾಕಿದರು. 'ಡೌನ್‌ಪ್ರೆಸರ್ ಮ್ಯಾನ್'. ಆರು ನಿಮಿಷ ದಾಟುವ ಹಾಡು. ಬಡವರನ್ನು ತುಳಿದವನೇ, ಆ ದಿನ ಬಂದಾಗ ಎಲ್ಲಿಗೆ ಓಡುತ್ತೀಯ, ಕಲ್ಲಿನ ಹತ್ತಿರ ಹೋಗುತ್ತೀಯಾ, ಸಮುದ್ರದ ಹತ್ತಿರ ಹೋಗುತ್ತೀಯಾ ಅಂತ ಕೇಳುತ್ತಲೇ ಹೋಗುತ್ತಾನೆ. ಇಂಗ್ಲಿಷ್ ಅಷ್ಟಾಗಿ ಬಾರದ ನಮ್ಮ ಅಡುಗೆಯವರು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, ಇವನು ಯಾರನ್ನೋ ಬೈತಾ ಇದ್ದಾನೆ ಅಲ್ವಾ ಅಂದರು. ಅವರಿಗೆ ಹಾಡು ಮುಟ್ಟಿತ್ತು.

ನಾಲ್ಕನೇ ಬೀದಿ:

ಆ ಹಾಡಿನ ಬೇರು ಹಳೆಯ ಆಫ್ರಿಕನ್ ಅಮೆರಿಕನ್ ಭಕ್ತಿಗೀತೆ. ಅವನ ಹುಟ್ಟುವಳಿ ಅಲ್ಲ. ಇನ್ನೊಂದು, ಅವನ ಗುರುತೇ ಆಗಿಹೋದ 'ಸ್ಟೆಪಿಂಗ್ ರೇಜರ್' ಬರೆದದ್ದು ಅವನ ಗುರು ಜೋ ಹಿಗ್ಸ್. ಇದನ್ನೂ ಹೇಳಬೇಕು.

ಡಬ್ ಪ್ಲೇಟ್:

ಸರಿ, ಹಿಗ್ಸ್‌ದೇ. ಆ ಹೆಸರು ಸಲ್ಲಲು ಹಿಗ್ಸ್ ಹೋರಾಡಬೇಕಾಯಿತು ಅನ್ನುವುದೂ ನಿಜ. ಹಿಗ್ಸ್ ಇಲ್ಲದಿದ್ದರೆ ವೇಲರ್ಸ್ ಇರುತ್ತಿರಲಿಲ್ಲ. 1973ರಲ್ಲಿ ಬನ್ನಿ ಅಮೆರಿಕ ಪ್ರವಾಸಕ್ಕೆ ಬರಲ್ಲ ಅಂದಾಗ ಅವನ ಜಾಗದಲ್ಲಿ ಹೋಗಿ ಹಾಡಿದ್ದೂ ಇದೇ ಹಿಗ್ಸ್. ಗುರುವೇ ಶಿಷ್ಯರ ತಂಡದಲ್ಲಿ ಬದಲಿ ಆಳಾಗಿ ನಿಂತದ್ದು. ಇಂಥವರ ಹೆಸರು ಯಾವ ಟೀ ಶರ್ಟ್ ಮೇಲೂ ಬರುವುದಿಲ್ಲ.

ಪೀಣ್ಯ ಶಿಫ್ಟ್:

ಸರಿ, ಬಿಟ್ಟಿದ್ದು ಯಾಕೆ ಅಂತ ಯಾರೂ ಹೇಳಲಿಲ್ಲ ಇನ್ನೂ. ದುಡ್ಡಿನ ಜಗಳವಾ?

ಡಬ್ ಪ್ಲೇಟ್:

ದುಡ್ಡೂ ಇತ್ತು, ಹೆಸರೂ ಇತ್ತು.

ಲಂಡನ್ನಿನ ರೆಕಾರ್ಡ್ ಕಂಪನಿ ಐಲೆಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ 1972ರಲ್ಲಿ ಇವರಿಗೆ 4,000 ಪೌಂಡ್ ಮುಂಗಡ ಕೊಟ್ಟು ಆಲ್ಬಮ್ ಮಾಡಿ ತನ್ನಿ ಅಂದ. ದುಡ್ಡು ಗುಳುಂ ಅಂತ ಎಲ್ಲರೂ ಅವನಿಗೆ ಹೇಳಿದ್ದರು. ಇವರು ಟೇಪ್ ತಂದುಕೊಟ್ಟರು. ಆ ಟೇಪಿನ ಮೇಲೆ ಲಂಡನ್ನಿನಲ್ಲಿ ರಾಕ್ ಗಿಟಾರ್, ಕೀಬೋರ್ಡ್ ಸೇರಿಸಿದರು. ಬಿಳಿಯ ರಾಕ್ ಕೇಳುಗರಿಗೆ ಹತ್ತಿರ ಆಗಲಿ ಅನ್ನುವ ಲೆಕ್ಕ. ಅದೇ 'ಕ್ಯಾಚ್ ಎ ಫೈರ್'. ವಿಮರ್ಶಕರು ಮೆಚ್ಚಿದರು. ಆದರೆ ಪ್ರಚಾರದಲ್ಲಿ ಮೂವರಲ್ಲಿ ಒಬ್ಬನೇ ಮುಂದೆ ಬಂದ. ಹೆಸರು 'ಬಾಬ್ ಮಾರ್ಲಿ ಅಂಡ್ ದ ವೇಲರ್ಸ್' ಆಯಿತು. ಟಾಷ್ ತನ್ನ ಸ್ವಂತ ಆಲ್ಬಮ್ ಹೊರತರಬೇಕು ಅಂದಾಗ ಐಲೆಂಡ್ ಒಪ್ಪಲಿಲ್ಲ. ಅದೇ ಹೊತ್ತಿಗೆ, 1973ರಲ್ಲಿ, ಕಾರು ಅಪಘಾತದಲ್ಲಿ ಅವನ ಗೆಳತಿ ಸತ್ತಳು, ಅವನ ತಲೆಬುರುಡೆಗೂ ಪೆಟ್ಟಾಯಿತು. ಈ ಎಲ್ಲದರ ಮೇಲೆ 1974ರಲ್ಲಿ ಹೊರಬಿದ್ದ. ಬನ್ನಿಯೂ ಹೊರಬಂದ.

ಬರ್ಮಿಂಗ್‌ಹ್ಯಾಮ್ ಬಸ್ಸು:

ಬ್ಲ್ಯಾಕ್‌ವೆಲ್‌ನನ್ನು ಖಳನಾಯಕ ಮಾಡುವುದು ಸುಲಭ. ಆದರೆ ಬೇರೆ ಯಾರೂ ಒಂದು ಪೌಂಡ್ ಕೊಡದಿದ್ದಾಗ ಕೊಟ್ಟವನು ಅವನು. ಬನ್ನಿ ಪ್ರವಾಸ ಹೋಗಲ್ಲ ಅಂದ, ಟಾಷ್ ಎಲ್ಲರ ಜೊತೆ ಗುದ್ದಾಡುತ್ತಿದ್ದ. ವಾರಗಟ್ಟಲೆ ವ್ಯಾನಿನಲ್ಲಿ ಕೂತು ಊರೂರು ಹಾಡಲು ತಯಾರಿದ್ದವನು ಮಾರ್ಲಿ. ಕಂಪನಿ ಯಾರ ಮೇಲೆ ಬಂಡವಾಳ ಹಾಕುತ್ತೆ ಹೇಳಿ?

ತುಂಗೆ ದಂಡೆ:

ಸಾರ್, ಕಂಪನಿ ಲೆಕ್ಕ ಕಂಪನಿಗೆ ಸರಿ. ಕೇಳುಗರಾದ ನಾವೂ ಅದೇ ಲೆಕ್ಕ ಯಾಕೆ ಒಪ್ಪಬೇಕು? ಮೂವರ ಸ್ವರ ಸೇರಿದ್ದಕ್ಕೆ ಅದು ವೇಲರ್ಸ್. 1964ರ 'ಸಿಮ್ಮರ್ ಡೌನ್' ಕೇಳಿ. ಸ್ಟುಡಿಯೋ ಒನ್‌ನಲ್ಲಿ ಕಾಕ್ಸನ್ ಡಾಡ್ ಮಾಡಿಸಿದ್ದು, ಹಿಂದೆ ಸ್ಕಟಲೈಟ್ಸ್ ತಂಡದ ವಾದ್ಯ. ಇನ್ನೂ ರೆಗೇ ಹುಟ್ಟಿರಲಿಲ್ಲ, ಅದಕ್ಕೆ ಮುಂಚಿನ ಸ್ಕಾ ಸಂಗೀತದ ಕಾಲ. ಮಾರ್ಲಿ ಮುಂದೆ ಹಾಡುತ್ತಾನೆ, ಹಿಂದಿನಿಂದ ಉಳಿದವರು ಎತ್ತಿ ಹಿಡಿಯುತ್ತಾರೆ. ಆ ಹಿಂದಿನ ಸ್ವರ ತೆಗೆದರೆ ಹಾಡು ಕುಸಿದು ಬೀಳುತ್ತೆ.

ಗುಂಡಪ್ಪ ಫ್ಯಾನ್:

ಕಿಂಗ್‌ಸ್ಟನ್ ಅಂದ ತಕ್ಷಣ ನನಗೆ ನೆನಪಾಗುವುದು ಅಲ್ಲಿನ ಕ್ರಿಕೆಟ್ ಮೈದಾನ ಸಬೀನಾ ಪಾರ್ಕ್. ವಿಷಯ ಬಿಟ್ಟು ಹೋಗುತ್ತಿದ್ದೇನೆ ಅನ್ನಬೇಡಿ, ಸಂಬಂಧ ಇದೆ. ಟಾಷ್‌ನ ಮೊದಲ ಆಲ್ಬಮ್ 'ಲೀಗಲೈಸ್ ಇಟ್' ಬಂದ 1976ರಲ್ಲೇ, ಏಪ್ರಿಲ್‌ನಲ್ಲಿ, ಅದೇ ಊರಲ್ಲಿ ನಮ್ಮವರ ಮೈಮೇಲೆ ಚೆಂಡು ಸುರಿದದ್ದು. ಅದಕ್ಕೆ ಮುಂಚಿನ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನಲ್ಲಿ ಭಾರತ 403 ಬೆನ್ನಟ್ಟಿ ಗೆದ್ದಿತ್ತು, ವಿಶ್ವನಾಥ್ 112. ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ಆ ಸೋಲು ಸಹಿಸಲಿಲ್ಲ. ಕಿಂಗ್‌ಸ್ಟನ್ನಿನಲ್ಲಿ ವೇಗದವರನ್ನು ಛೂ ಬಿಟ್ಟ. ವಿಶ್ವನಾಥ್ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಬಾಯಿಗೆ ಹೊಲಿಗೆ, ಗಾಯಕವಾಡ್ ಕಿವಿಗೆ ಪೆಟ್ಟು. ನಮ್ಮ ನಾಯಕ ಬೇಡಿ 306ಕ್ಕೆ 6 ಅಂತ ಡಿಕ್ಲೇರ್ ಮಾಡಿದರು. ಎರಡನೇ ಇನಿಂಗ್ಸ್ 97ಕ್ಕೆ ಮುಗಿಯಿತು, ಐದು ಜನ ಬ್ಯಾಟ್ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ. ಆ ವೇಗದವರಲ್ಲಿ ಒಬ್ಬನಾದ ಹೋಲ್ಡಿಂಗ್ ಕಿಂಗ್‌ಸ್ಟನ್ ಹುಡುಗನೇ.

ಕರಾವಳಿ ಕಾಗೆ:

ವಿಶಿ ಹೆಸರು ಬಂದ ಮೇಲೆ ಈ ಚರ್ಚೆ ರೆಗೇಗೆ ವಾಪಸ್ ಬರುವುದು ಕಷ್ಟ.

ನಾಲ್ಕನೇ ಬೀದಿ:

ಮತ್ತೆ ಸಂಬಂಧ ಏನು?

ಗುಂಡಪ್ಪ ಫ್ಯಾನ್:

ಸಂಬಂಧ ಇದು. ಜಮೈಕಾ ಸ್ವತಂತ್ರ ಆದದ್ದು 1962ರಲ್ಲಿ. ಅದಾದ ಮೇಲೆ ಬೆಳೆದ ಮೊದಲ ತಲೆಮಾರು ಇವರೆಲ್ಲ. ಇನ್ನು ತಲೆ ಬಗ್ಗಿಸಲ್ಲ ಅನ್ನುವುದು ಆ ಹುಡುಗರ ಬೌಲಿಂಗಲ್ಲೂ ಇತ್ತು, ಟಾಷ್ ಹಾಡಲ್ಲೂ ಇತ್ತು. ಆ ಸಲ ಪೆಟ್ಟು ನಮ್ಮವರಿಗೆ ಬಿತ್ತು, ನನಗೆ ಇವತ್ತಿಗೂ ನೋವಿದೆ. ಆದರೂ ಆ ಕೆಚ್ಚು ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತಾಗಿದ್ದು ಟಾಷ್ ಕೇಳಿದ ಮೇಲೆ.

ಟೊರೊಂಟೊ ಮನೆ:

ಇಲ್ಲಿ ಜಮೈಕಾದವರು ತುಂಬಾ ಜನ ಇದ್ದಾರೆ. ನನ್ನ ಸಹೋದ್ಯೋಗಿ ಒಬ್ಬರು ಟಾಷ್ ಊರಿನ ಕಡೆಯವರು, ವೆಸ್ಟ್‌ಮೋರ್ಲ್ಯಾಂಡ್. ನೋಡಿದರೆ ನಮ್ಮ ಬೀದಿಯವರ ಹಾಗೇ ಇದ್ದಾರೆ. ಕೇಳಿದರೆ ಮುತ್ತಜ್ಜ ಇಂಡಿಯಾದಿಂದ ಕಬ್ಬಿನ ಗದ್ದೆಗೆ ಬಂದವರು. 1845ರ ಮೇ 10ಕ್ಕೆ 'ಬ್ಲಂಡೆಲ್' ಅನ್ನುವ ಹಡಗು ಓಲ್ಡ್ ಹಾರ್ಬರ್ ಬೇಗೆ ಬಂದು ಮೊದಲ ಕೂಲಿಗಳನ್ನು ಇಳಿಸಿತು. 1917ರವರೆಗೆ ಸುಮಾರು 36,000 ಜನ ಬಂದರು. ಜಾಸ್ತಿ ಜನ ಕಲ್ಕತ್ತಾ ಬಂದರಿನಿಂದ, ಮದ್ರಾಸ್ ಕಡೆಯಿಂದಲೂ ಒಂದಷ್ಟು. ಗುಲಾಮಗಿರಿ ನಿಂತ ಮೇಲೆ ಗದ್ದೆಗೆ ಆಳು ಬೇಕಾಗಿತ್ತು, ಅಷ್ಟೇ ಕಾರಣ.

ಗಾಂಜಾ ಸೇದುವ ರೂಢಿ ಜಮೈಕಾದ ಹಳ್ಳಿಗೆ ಬಂದದ್ದೂ ಈ ನಮ್ಮ ಕೂಲಿಗಳ ಜೊತೆಯಲ್ಲೇ. ಮುಂದೆ ರಾಸ್ತಾ ಪಂಥದವರು ಅದನ್ನು ಪೂಜೆಯ ಭಾಗ ಮಾಡಿಕೊಂಡರು. ಟಾಷ್ 'ಲೀಗಲೈಸ್ ಇಟ್' (ಗಾಂಜಾವನ್ನು ಕಾನೂನುಬದ್ಧ ಮಾಡಿ) ಅಂತ ಹಾಡಿದ್ದು ಆ ಅರ್ಥದಲ್ಲಿ. ಮೋಜಿಗೆ ಸೇದಿ ಅಂತ ಅಲ್ಲ. ಬಡವನ ಮನೆಗೆ ಪೊಲೀಸ್ ನುಗ್ಗಲು ಆ ಕಾನೂನು ನೆಪ ಆಗಿತ್ತು ಅನ್ನುವುದು ಅವನ ತಕರಾರು. ಜಮೈಕಾ ರೇಡಿಯೋ ಆ ಹಾಡನ್ನು ಹಾಕುತ್ತಿರಲಿಲ್ಲ.

ಅಮ್ಮನ ರೇಡಿಯೋ:

ನನಗೊಂದು ತಕರಾರಿದೆ. ಎಲ್ಲರೂ ಅವನ ಕೆಚ್ಚು ಹೊಗಳುತ್ತಿದ್ದೀರಿ. ಆಮೇಲೆ ಬಂದೂಕಿನ ಆಕಾರದ ಗಿಟಾರ್ ಹಿಡಿದು ವೇದಿಕೆಗೆ ಬಂದವನೂ ಅವನೇ. ಗುಂಡು ಹಾರಿ ಹಾರಿ ಜನ ಸಾಯುತ್ತಿದ್ದ ಊರಲ್ಲಿ ಅದು ಬೇಕಿತ್ತಾ? ಮಾರ್ಲಿ 1978ರಲ್ಲಿ ಇಬ್ಬರು ರಾಜಕಾರಣಿಗಳ ಕೈ ಹಿಡಿಸಿ ಮೇಲೆತ್ತಿದ. ಟಾಷ್ ಅದೇ ವೇದಿಕೆಯಲ್ಲಿ ಬೈದ. ನನಗೆ ಮೊದಲನೆಯದು ದೊಡ್ಡದು ಅನಿಸುತ್ತೆ.

ಡಬ್ ಪ್ಲೇಟ್:

ಮೇಡಮ್, ಈ ಸಂಗೀತ ಕಛೇರಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಟಾಷ್ ಅಂದರೆ ಏನು ಅನ್ನುವುದು ಅಲ್ಲೇ ಇದೆ.

1978ರ ಏಪ್ರಿಲ್ 22, ಕಿಂಗ್‌ಸ್ಟನ್ನಿನ ನ್ಯಾಷನಲ್ ಸ್ಟೇಡಿಯಂ, 'ಒನ್ ಲವ್ ಪೀಸ್ ಕನ್ಸರ್ಟ್'. ಪ್ರಧಾನಿ ಮೈಕೆಲ್ ಮ್ಯಾನ್ಲಿ ಒಂದು ಕಡೆ, ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ ಇನ್ನೊಂದು ಕಡೆ. ಎರಡೂ ಪಕ್ಷಗಳಿಗೆ ಬೀದಿ ಬೀದಿಗೆ ಬಂದೂಕಿನ ಹುಡುಗರಿದ್ದರು. ಆ ಗ್ಯಾಂಗುಗಳ ನಾಯಕರಾದ ಕ್ಲಾಡಿ ಮಾಸಪ್, ಬಕಿ ಮಾರ್ಷಲ್ ಜೈಲಿನಲ್ಲಿ ರಾಜಿಯಾಗಿ ಈ ಕಛೇರಿಗೆ ಕಾರಣರಾದರು. ಮಾರ್ಲಿ 1976ರಲ್ಲಿ ಗುಂಡೇಟು ತಿಂದು ದೇಶ ಬಿಟ್ಟಿದ್ದವನು, ಇದಕ್ಕಾಗಿ ವಾಪಸ್ ಬಂದ.

ಟಾಷ್ ಅವನಿಗಿಂತ ಮೊದಲು ವೇದಿಕೆ ಏರಿದ. ಕಪ್ಪು ಬಟ್ಟೆ. ಹಾಡಿನ ನಡುವೆ ವಾದ್ಯ ಮೆಲ್ಲಗೆ ನಡೆಯುತ್ತಿರುವಾಗಲೇ ಮಾತಿಗೆ ನಿಂತ. ಎದುರಿಗೆ ಮುಂದಿನ ಸಾಲಿನಲ್ಲಿ ಪ್ರಧಾನಿ, ಮಂತ್ರಿಗಳು. ಶಾಂತಿ ಶಾಂತಿ ಅನ್ನುತ್ತೀರಿ, ಗೋರಿಯ ಕಲ್ಲಿನ ಮೇಲೂ ಶಾಂತಿ ಅಂತಲೇ ಬರೆಯುತ್ತಾರೆ, ನನಗೆ ಬೇಕಿರುವುದು ನ್ಯಾಯ ಅನ್ನುವ ಧಾಟಿ. ಬಡ ಹುಡುಗರನ್ನು ಪೊಲೀಸರು ಹೊಡೆಯುವುದು, ಗಾಂಜಾ ಕಾನೂನು, ಹಡಗಿನಲ್ಲಿ ಬಂದ ಗುಲಾಮಗಿರಿ, ಎಲ್ಲ ಹೇಳಿದ. ಹೇಳುತ್ತಲೇ ವೇದಿಕೆ ಮೇಲೆ ಗಾಂಜಾ ಹಚ್ಚಿದ. ಸುತ್ತ ಪೊಲೀಸರಿದ್ದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪೊಲೀಸರು ಅವನನ್ನು ಬೀದಿಯಿಂದ ಹಿಡಿದು ಹಾಫ್ ವೇ ಟ್ರೀ ಠಾಣೆಗೆ ಒಯ್ದು ಹೊಡೆದರು. ಕೈ ಮುರಿಯಿತು, ತಲೆಗೆ ಹೊಲಿಗೆ ಬಿತ್ತು. ಸತ್ತವನ ಹಾಗೆ ಬಿದ್ದುಕೊಂಡಿದ್ದಕ್ಕೆ ಬದುಕಿದೆ ಅಂತ ಅವನೇ ಆಮೇಲೆ ಹೇಳಿಕೊಂಡ.

ಆ ಶಾಂತಿ ಏನಾಯಿತು ಅಂತಲೂ ನೋಡಿ. ಮಾಸಪ್‌ನನ್ನು 1979ರಲ್ಲಿ ಪೊಲೀಸರೇ ಕೊಂದರು. ಮಾರ್ಷಲ್ 1980ರಲ್ಲಿ ನ್ಯೂಯಾರ್ಕಿನಲ್ಲಿ ಕೊಲೆಯಾದ. 1980ರ ಚುನಾವಣೆ ವರ್ಷ 800ಕ್ಕೂ ಜಾಸ್ತಿ ಜನ ಸತ್ತರು. ಮಾರ್ಲಿ ಕೈ ಹಿಡಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಟಾಷ್ ಎಚ್ಚರಿಸಿದ್ದು ಸುಮ್ನೆ ಅಲ್ಲ ಅಂತ ಹೇಳುತ್ತಿದ್ದೇನೆ.

ಅಮ್ಮನ ರೇಡಿಯೋ:

ವಿವರಕ್ಕೆ ಥ್ಯಾಂಕ್ಸ್. ಆದರೆ ನನ್ನ ಮಾತು ಹಾಗೇ ಇದೆ. ಅವತ್ತು ಆ ಸ್ಟೇಡಿಯಂನಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರೂ ಇದ್ದಿರುತ್ತಾರೆ. ಒಂದು ರಾತ್ರಿಯ ಶಾಂತಿಯೂ ಅವರಿಗೆ ಬೆಲೆಯುಳ್ಳದ್ದೇ. ನ್ಯಾಯ ಬರುವವರೆಗೆ ಶಾಂತಿ ಬೇಡ ಅನ್ನುವುದು ಹೇಳುವವನಿಗೆ ಸುಲಭ.

ಇನ್ನೊಂದು ವಿಷಯ. ಮೂವರು ಗಂಡಸರ ಹೆಸರಲ್ಲೇ ಈ ಚರ್ಚೆ ಸುತ್ತುತ್ತಿದೆ. ವೇಲರ್ಸ್ ಶುರುವಾದಾಗ ಬೆವರ್ಲಿ ಕೆಲ್ಸೊ, ಚೆರ್ರಿ ಸ್ಮಿತ್ ಅಂತ ಇಬ್ಬರು ಹುಡುಗಿಯರೂ ಹಾಡುತ್ತಿದ್ದರು. ಟಾಷ್, ಬನ್ನಿ ಹೋದ ಮೇಲೆ ಮಾರ್ಲಿ ಹಿಂದೆ ಸ್ವರ ತುಂಬಿದ್ದು ರೀಟಾ ಮಾರ್ಲಿ, ಜೂಡಿ ಮೋವಟ್, ಮಾರ್ಷಿಯಾ ಗ್ರಿಫಿತ್ಸ್. ಮಾರ್ಷಿಯಾ ಅಷ್ಟು ಹೊತ್ತಿಗಾಗಲೇ ಸ್ವಂತವಾಗಿ ಹೆಸರು ಮಾಡಿದ್ದವರು. ಹಿಂದೆ ಉಳಿದುಹೋದವರ ಪಟ್ಟಿ ಟಾಷ್‌ಗೇ ನಿಲ್ಲುವುದಿಲ್ಲ.

ಮೃದಂಗ ಹುಡುಗ:

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ ಮೇಡಮ್. ಜೂಡಿ ಮೋವಟ್ ಅವರ ಆಲ್ಬಮ್‌ಗಳು ಬೇರೆ ಚರ್ಚೆಗೆ ಯೋಗ್ಯ.

ಬರ್ಮಿಂಗ್‌ಹ್ಯಾಮ್ ಬಸ್ಸು:

ಅಷ್ಟು ಸಿಟ್ಟಿನ ಮನುಷ್ಯ ಅದೇ 1978ರಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ರೆಕಾರ್ಡ್ ಕಂಪನಿ ಸೇರಿದ್ದಕ್ಕೆ ಏನಂತೀರಿ? ಆ ತಂಡದ ಗಾಯಕ ಮಿಕ್ ಜಾಗರ್ ಜೊತೆ ಟೆಂಪ್ಟೇಷನ್ಸ್ ಅನ್ನುವ ಅಮೆರಿಕದ ತಂಡದ ಹಾಡು ಹಾಡಿದ, ಅಮೆರಿಕದ ಟಿವಿಯಲ್ಲಿ ಇಬ್ಬರೂ ಒಟ್ಟಿಗೆ ಕುಣಿದರು. ಸ್ಟೋನ್ಸ್ ಕಛೇರಿಗೆ ಮುಂಚೆ ಇವನ ತಂಡ ನುಡಿಸುತ್ತಿತ್ತು. ಬ್ಲ್ಯಾಕ್‌ವೆಲ್ ಆಗಲ್ಲ, ಜಾಗರ್ ಆಗುತ್ತಾನಾ?

ತುಂಗೆ ದಂಡೆ:

ಆಗುತ್ತಾನೆ. ಅಲ್ಲಿ ಅವನ ಹೆಸರು ಮುಂದಿತ್ತು. ಮೂರು ಆಲ್ಬಮ್ ಬಂತು, 'ಬುಷ್ ಡಾಕ್ಟರ್', 'ಮಿಸ್ಟಿಕ್ ಮ್ಯಾನ್', 'ವಾಂಟೆಡ್ ಡ್ರೆಡ್ ಅಂಡ್ ಅಲೈವ್'. ನನಗೆ ಮೊದಲನೆಯದು ಇಷ್ಟ, ಉಳಿದೆರಡು ಸುಮಾರು. ಕೊನೆಗೆ ಅವರ ಜೊತೆಗೂ ಕೆಟ್ಟಿತು. ಜಮೈಕಾದಲ್ಲಿದ್ದ ಸ್ಟೋನ್ಸ್ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಮನೆಯಲ್ಲಿ ಟಾಷ್ ಇದ್ದುಕೊಂಡು, ಮಾಲೀಕ ಬಂದಾಗ ಖಾಲಿ ಮಾಡಲ್ಲ ಅಂದನಂತೆ. ರಿಚರ್ಡ್ಸ್ ಈ ಕತೆ ಹೇಳಿದ್ದಾರೆ. ಜೊತೆಗೆ ಬಾಳುವುದು ಕಷ್ಟದ ಮನುಷ್ಯ, ಇದನ್ನು ಮುಚ್ಚಿಡುವ ಅಗತ್ಯ ಇಲ್ಲ.

ಪೀಣ್ಯ ಶಿಫ್ಟ್:

ಸತ್ತದ್ದು ಹೇಗೆ? ಕೊಲೆ ಅಂತ ಕೇಳಿದ್ದೆ.

ಟೊರೊಂಟೊ ಮನೆ:

1987ರ ಸೆಪ್ಟೆಂಬರ್ 11, ಕಿಂಗ್‌ಸ್ಟನ್ನಿನ ಅವನ ಮನೆಯಲ್ಲೇ. ಬಂದವನು ಹೊರಗಿನವನಲ್ಲ, ಪರಿಚಯದ ಡೆನಿಸ್ ಲೋಬನ್. ಜೈಲಿನಿಂದ ಬಿಡುಗಡೆಯಾದ ಮೇಲೆ ಟಾಷ್ ಅವನಿಗೆ ಸಹಾಯ ಮಾಡಿದ್ದ. ಇನ್ನಿಬ್ಬರ ಜೊತೆ ಬಂದು ದುಡ್ಡು ಕೇಳಿದ. ಮನೆಯಲ್ಲಿ ದುಡ್ಡಿಲ್ಲ ಅಂದರೂ ನಂಬಲಿಲ್ಲ. ಮನೆಯಲ್ಲಿ ಏಳು ಜನ ಇದ್ದರು. ಟಾಷ್, ಗೆಳೆಯ ವಿಲ್ಟನ್ ಬ್ರೌನ್, ರೇಡಿಯೋದ ಜೆಫ್ ಡಿಕ್ಸನ್ ಸತ್ತರು. ಉಳಿದವರು ಗುಂಡೇಟು ತಿಂದು ಬದುಕಿದರು. ಅವರಲ್ಲಿ ಡ್ರಮ್ಮರ್ ಸ್ಯಾಂಟಾ ಡೇವಿಸ್ ಒಬ್ಬರು. ಲೋಬನ್‌ಗೆ ಮರಣದಂಡನೆ ಆಯಿತು, 1995ರಲ್ಲಿ ಅದನ್ನು ಜೀವಾವಧಿಗೆ ಇಳಿಸಿದರು. ಟಾಷ್‌ಗೆ ಆಗ 42 ವರ್ಷ.

ಅದೇ 1987ರ ಏಪ್ರಿಲ್‌ನಲ್ಲಿ ಮೇಲೆ ಹೇಳಿದ ಒನ್ ಡ್ರಾಪ್ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಕೂಡ ತನ್ನ ಮನೆ ಎದುರು ಗುಂಡಿಗೆ ಬಲಿಯಾಗಿದ್ದ. ಐದು ತಿಂಗಳಲ್ಲಿ ಹಳೇ ವೇಲರ್ಸ್‌ನ ಇಬ್ಬರು.

ಹೊಸಪೇಟೆ ಲೋಕಲ್:

ಗ್ರ್ಯಾಮಿ ಬಂದಿತ್ತಲ್ವಾ ಅವನಿಗೆ? ಬದುಕಿದ್ದಾಗ ಒಂದಾದರೂ ಸಂತೋಷ.

ಡಬ್ ಪ್ಲೇಟ್:

ಬದುಕಿದ್ದಾಗ ಅಲ್ಲ. 'ನೋ ನ್ಯೂಕ್ಲಿಯರ್ ವಾರ್' 1987ರಲ್ಲಿ ಬಂತು, ಗ್ರ್ಯಾಮಿ ಕೊಟ್ಟದ್ದು 1988ರಲ್ಲಿ. ಜಮೈಕಾ ಸರ್ಕಾರ ಆರ್ಡರ್ ಆಫ್ ಮೆರಿಟ್ ಕೊಟ್ಟದ್ದು 2012ರಲ್ಲಿ, ಸತ್ತು 25 ವರ್ಷದ ಮೇಲೆ. ಅವನ ಹೆಸರಿನ ಮ್ಯೂಸಿಯಂ ಕಿಂಗ್‌ಸ್ಟನ್ನಿನಲ್ಲಿ 2016ರಲ್ಲಿ ತೆರೆಯಿತು. ಎಲ್ಲವೂ ತಡ.

ಟೊರೊಂಟೊ ಮನೆ:

ಇನ್ನೊಂದು ತಡವನ್ನೂ ಸೇರಿಸಿ. ಜಮೈಕಾ 2015ರಲ್ಲಿ ಕಾನೂನು ಬದಲಿಸಿತು. ಎರಡು ಔನ್ಸ್, ಅಂದರೆ ಸುಮಾರು 56 ಗ್ರಾಂವರೆಗೆ ಇಟ್ಟುಕೊಂಡರೆ ಈಗ ಜೈಲಿಲ್ಲ, ದಂಡ ಅಷ್ಟೇ. ರಾಸ್ತಾಗಳಿಗೆ ಪೂಜೆಗೂ ಅವಕಾಶ. ಆದರೆ ಟಾಷ್‌ನ ಮಗ ಜವಾರ ಮೆಕಿಂಟಾಷ್, ಅವನೂ ಹಾಡುಗಾರ, ಅಮೆರಿಕದ ನ್ಯೂಜೆರ್ಸಿಯಲ್ಲಿ ಗಾಂಜಾ ಕೇಸಿನಲ್ಲಿ ಜೈಲು ಸೇರಿದ. 2017ರಲ್ಲಿ ಜೈಲಿನೊಳಗೆ ಇನ್ನೊಬ್ಬ ಕೈದಿ ಹೊಡೆದು ಮೆದುಳಿಗೆ ಪೆಟ್ಟಾಯಿತು. ಮತ್ತೆ ಮಾತಾಡಲಿಲ್ಲ. 2020ರಲ್ಲಿ ತೀರಿಕೊಂಡ. ಅಪ್ಪನ ಆ ಹಾಡನ್ನು ಹಗುರವಾಗಿ 'ಗಾಂಜಾ ಹಾಡು' ಅನ್ನುವವರು ಇದನ್ನೊಂದು ಸಲ ಯೋಚಿಸಲಿ.

ನಾಲ್ಕನೇ ಬೀದಿ:

ಇದು ನನಗೆ ಗೊತ್ತಿರಲಿಲ್ಲ. ಓದಿ ಬೇಜಾರಾಯಿತು.

ಆದರೂ ನನ್ನ ಮೂಲ ವಾದ ಬಿಡಲ್ಲ. ಹಾಡುಗಾರನಾಗಿ ಮಾರ್ಲಿಯೇ ಮೇಲು. ಟಾಷ್‌ಗೆ 'ಈಕ್ವಲ್ ರೈಟ್ಸ್' ಇದೆ, ಸರಿ. ಅಂಥ ಎರಡನೇ ಆಲ್ಬಮ್ ಎಲ್ಲಿದೆ?

ಡಬ್ ಪ್ಲೇಟ್:

1983ರ 'ಮಾಮಾ ಆಫ್ರಿಕಾ' ಕೇಳಿದ್ದೀರಾ? ಚಕ್ ಬೆರ್ರಿಯ 'ಜಾನಿ ಬಿ ಗುಡ್' ಹಾಡನ್ನು ರೆಗೇ ಮಾಡಿ ಹಾಡಿದ್ದು ಅದರಲ್ಲೇ. ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಮೊದಲು 'ಈಕ್ವಲ್ ರೈಟ್ಸ್', ಎಂಟೇ ಹಾಡು, ಕೂತು ಪೂರ್ತಿ ಕೇಳಿ. ಕೊನೆಯ ಹಾಡು ದಕ್ಷಿಣ ಆಫ್ರಿಕಾದ ವರ್ಣಭೇದದ ಮೇಲೆ. ಸೊವೆಟೊದಲ್ಲಿ ಶಾಲೆ ಮಕ್ಕಳ ಮೇಲೆ ಗುಂಡು ಹಾರಿಸಿ ಒಂದು ವರ್ಷ ಆಗಿತ್ತಷ್ಟೇ. ರಾಕ್ ಲೋಕ ಆ ವಿಷಯಕ್ಕೆ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಆಮೇಲೆ 'ಲೀಗಲೈಸ್ ಇಟ್', ಅದರಲ್ಲಿ ಮೆತ್ತನೆಯ ಹಾಡುಗಳೂ ಇವೆ. ಯಾವಾಗಲೂ ಸಿಟ್ಟು ಅನ್ನುವವರು ಮುಖ್ಯವಾಗಿ ಅವನ್ನು ಕೇಳಬೇಕು. ಆಮೇಲೆ ಲೀ ಪೆರ್ರಿ ಮಾಡಿಸಿದ 1970ರ ವೇಲರ್ಸ್ ಆಲ್ಬಮ್ 'ಸೋಲ್ ರೆಬೆಲ್ಸ್' ಕಡೆಗೆ ಹಿಂದಕ್ಕೆ ಹೋಗಿ.

ಬರ್ಮಿಂಗ್‌ಹ್ಯಾಮ್ ಬಸ್ಸು:

ನನಗನಿಸುವುದು, ಒಡೆದದ್ದೇ ಒಳ್ಳೆಯದಾಯಿತು. 1976 ಒಂದೇ ವರ್ಷದಲ್ಲಿ ಮಾರ್ಲಿಯ 'ರಾಸ್ತಮನ್ ವೈಬ್ರೇಷನ್', ಟಾಷ್‌ನ 'ಲೀಗಲೈಸ್ ಇಟ್', ಬನ್ನಿಯ 'ಬ್ಲ್ಯಾಕ್‌ಹಾರ್ಟ್ ಮ್ಯಾನ್' ಮೂರೂ ಬಂದವು. ಒಂದೇ ತಂಡದಲ್ಲಿ ಉಳಿದಿದ್ದರೆ ವರ್ಷಕ್ಕೆ ಒಂದು ಆಲ್ಬಮ್, ಅದರಲ್ಲಿ ಟಾಷ್‌ಗೆ ಎರಡು ಹಾಡು.

ಪೀಣ್ಯ ಶಿಫ್ಟ್:

ಮೂವರೂ ಆಮೇಲೆ ಮಾತಾಡಲೇ ಇಲ್ವಾ?

ಡಬ್ ಪ್ಲೇಟ್:

ಮಾತಾಡಿದರು, ಹಾಡಿದರು ಕೂಡ. 1975ರ ಅಕ್ಟೋಬರ್‌ನಲ್ಲಿ ಕಿಂಗ್‌ಸ್ಟನ್ನಿನಲ್ಲಿ ಅಂಧ ಮಕ್ಕಳ ಶಾಲೆಯ ಸಹಾಯಕ್ಕೆ ಸ್ಟೀವಿ ವಂಡರ್ ಕಛೇರಿ ನಡೆಯಿತು. ಅದರಲ್ಲಿ ಮೂವರೂ ಒಟ್ಟಿಗೆ ಹಾಡಿದರು. ಬನ್ನಿಯ ಆಲ್ಬಮ್‌ನಲ್ಲೂ ಟಾಷ್ ಗಿಟಾರ್ ನುಡಿಸಿದ್ದಾನೆ, ಮಾರ್ಲಿಯೂ ದನಿ ಸೇರಿಸಿದ್ದಾನೆ. ಮಾರ್ಲಿ ಮೇಲೋ ಟಾಷ್ ಮೇಲೋ ಅಂತ ಹೊಡೆದಾಡುತ್ತಿರುವವರು ನಾವು. ಬನ್ನಿ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಯಾರಾದರೂ, 2021ರಲ್ಲಿ ಅವನು ತೀರಿಕೊಂಡಾಗಲೂ ನಮ್ಮಲ್ಲಿ ಯಾರೂ ಒಂದು ಸಾಲು ಬರೆಯಲಿಲ್ಲ.

ಮೃದಂಗ ಹುಡುಗ:

ನಾನು ಶುರು ಮಾಡುತ್ತೇನೆ, ನಾಳೆ ಬೆಳಗ್ಗೆ ಹಾಕುತ್ತೇನೆ. 'ಬ್ಲ್ಯಾಕ್‌ಹಾರ್ಟ್ ಮ್ಯಾನ್' ಅಷ್ಟರಲ್ಲಿ ಎಲ್ಲರೂ ಒಮ್ಮೆ ಕೇಳಿ ಬನ್ನಿ. ನಾಲ್ಕನೇ ಬೀದಿ ಸಾರ್, ನೀವೂ.